ತಪ್ಪು ಸಮುದ್ರಕ್ಕೆ ಹೋಗಿ ಬಂದ ಸಾವಳಾರಾಮ

೧೯೪೮ರ ಮಣ್ಣೆತ್ತಿನ ಅಮಾವಾಸ್ಯೆಯ ರಾತ್ರಿ ಮಳೆಗೆ ಸಿಕ್ಕು ನಾನು ನಾಗನೂರಿನ ಉದ್ದಪ್ಪನವರ ಮನೆಯಲ್ಲಿ ಉಳಿಯಬೇಕಾಯಿತು. ಕಾಲುವೆ ಸೀಮೆಯ ಬಾವಿಗಳಲ್ಲಿ ಯಾವುದು ಸಿಹಿ, ಯಾವುದು ಸವಳು ಎಂದು ಪರೀಕ್ಷಿಸಿ ಬರೆದುಕೊಳ್ಳುವುದು ಆಗ ನನ್ನ ಕೆಲಸ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನಿಗೆ ಸರಕಾರ ಕೊಟ್ಟ ಸಾಮಾನು ಇಷ್ಟೆ: ಅಡಿ, ಇಂಚಿನ ಗುರುತು ಹಾಕಿದ ಒಂದು ಹಗ್ಗ, ಒಂದು ಡಜನ್ ಗಾಜಿನ ನಳಿಕೆ, ಕಂದು ಶೀಸೆಯಲ್ಲಿ ಬೆಳ್ಳಿಯ ದ್ರಾವಣ. ನೀರಿನಲ್ಲಿ ಉಪ್ಪಿದ್ದರೆ ಆ ದ್ರಾವಣದ ಎರಡು ಹನಿಗೆ ನಳಿಕೆಯೊಳಗೆ ಹಾಲು ಬೆರೆಸಿದಂತೆ ಬಿಳಿ ಮೋಡ ಏಳುತ್ತದೆ. ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಉದ್ದಪ್ಪನವರ ಬಾವಿಯನ್ನು ಬೆಳಿಗ್ಗೆ ಆರೂವರೆಗೆ ನೋಡಿದ್ದೆ. ಏನೂ ಆಗಲಿಲ್ಲ. ‘ಸಿಹಿ, ಉತ್ತಮ’ ಎಂದು ಬರೆದು, ಕಟ್ಟೆಯಿಂದ ನೀರಿನ ಮಟ್ಟಕ್ಕೆ ಇಪ್ಪತ್ತನಾಲ್ಕು ಅಡಿ ಮೂರು ಇಂಚು ಎಂದು ಗುರುತು ಹಾಕಿಕೊಂಡೆ. ಹಗ್ಗವನ್ನು ಅಲ್ಲೇ ಮರೆತಿದ್ದೆ. ಮಧ್ಯಾಹ್ನ ತರಲು ಹೋದಾಗ ಸುತ್ತಮುತ್ತ ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಇನ್ನೊಮ್ಮೆ ಇಳಿಬಿಟ್ಟೆ. ಇಪ್ಪತ್ತಮೂರು ಅಡಿ ಹನ್ನೊಂದು ಇಂಚು. ಮಳೆ ಶುರುವಾದದ್ದು ಸಂಜೆ ನಾಲ್ಕಕ್ಕೆ. ಆದ್ದರಿಂದ ನೀರು ಏರಿದ ಈ ನಾಲ್ಕು ಇಂಚು ಮಳೆಯದಲ್ಲ. ಬೆಳಗಿನ ನಿದ್ದೆಗಣ್ಣಿನ ತಪ್ಪಿರಬೇಕು ಎಂದುಕೊಂಡು ಹಗ್ಗ ಸುತ್ತಿಕೊಂಡೆ.

ಸಂಜೆ ಹಳ್ಳ ಬಂದು ಮೂಡಲಗಿಯ ಹಾದಿ ಕಟ್ಟಿತು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ಸಾರಿನಲ್ಲಿ ಉಪ್ಪು, ಹುಳಿ, ಖಾರ ತೂಗಿ ಹಾಕಿದಂತಿದ್ದವು. ಹಾಗೆಂದು ಉದ್ದಪ್ಪನವರ ಮನೆಯಾಕೆ ಸೀತವ್ವನವರಿಗೆ ಹೇಳಿದೆ. “ಉಪ್ಪು ಸರಿ ಐತೇನ್ರಿ?” ಎಂದು ಆಕೆ ಕೇಳಿ, ಗಂಡನ ಮುಖ ನೋಡಿ ಒಳಗೆ ಹೋದರು.

ಪಡಸಾಲೆಯಲ್ಲಿ ನಾವು ನಾಲ್ವರು. ಎಪ್ಪತ್ತರ ಹತ್ತಿರದ ಉದ್ದಪ್ಪನವರು, ಕಂಬಳಿ ಹೊದ್ದು ಬಂದ ಪಕ್ಕದ ಮನೆಯ ಬೀರಸಿದ್ದಪ್ಪ, ನನ್ನಂತೆಯೇ ಹಳ್ಳಕ್ಕೆ ಸಿಕ್ಕ ಶಾಲೆಯ ಭೀಮರಾಯ ಮಾಸ್ತರರು, ನಾನು. ಗೂಡಿನಲ್ಲಿ ಜೋಡಿ ಮಣ್ಣೆತ್ತು ಕೊಂಬಿಗೆ ಬಣ್ಣ ಹಚ್ಚಿಕೊಂಡು ನಿಂತಿದ್ದವು. ಮೇಲೆ ತೊಲೆಯಿಂದ ಒಂದು ಹಳೆಯ ವಿಲಾಯತಿ ಸೈಕಲ್ ತೂಗುಬಿದ್ದಿತ್ತು. ತುಕ್ಕು ಹಿಡಿದಿತ್ತು, ಆದರೆ ಹಿಂದಿನ ಕ್ಯಾರಿಯರಿಗೆ ಹೊಸ ಹಗ್ಗ ಸುತ್ತಿತ್ತು. ಅದನ್ನೇಕೆ ಮೇಲೆ ಕಟ್ಟಿದ್ದೀರಿ ಎಂದು ನಾನು ಕೇಳಬಾರದಿತ್ತು. ಕೇಳಿದೆ.

“ಸೈಕಲ್ಲೇನ್ರಿ? ಬ್ಯಾಡ್ರಿ ಸಾಹೇಬ್ರ. ನೀವು ಕೇಳಿದ್ರ ನಾ ಹೇಳತೇನಿ, ನಾ ಹೇಳಿದ್ರ ಇಕಿ ತಿದ್ದತಾಳ, ಇಕಿ ತಿದ್ದಾಕ ಹತ್ತಿದ್ರ ರಾತ್ರಿ ಸಾಲೂದಿಲ್ಲ.”

“ಖರೆ ಹೇಳಿದ್ರ ನಾ ಯಾಕ ತಿದ್ದಲಿ?” ಎಂದು ಅಡಿಗೆಮನೆಯಿಂದ ಧ್ವನಿ ಬಂತು.

“ಕೇಳಿದ್ರಿಲ್ಲೋ? ಹಂಗಾರ ಕೇಳ್ರಿ… ಇದು ಇಪ್ಪತ್ತೆಂಟು, ಮೂವತ್ತು ವರ್ಷದ ಹಿಂದಿನ ಮಾತು. ಈಗ ನಿಮಗ ಉಪ್ಪು ಅಂದ್ರ ಅಂಗಡ್ಯಾಗಿನ ಚೀಲ, ಹೌದಲ್ಲರಿ? ಆಗ ನಮಗ ಉಪ್ಪು ಅಂದ್ರ ಸಾವಳಾರಾಮ. ಕೊಂಕಣದಾಂವ. ಆರೋಂದಾ ಅಂತ ಅವನ ಊರು, ಖಾಡಿ ದಂಡಿಮ್ಯಾಲ… ಖಾಡಿ ಅಂದ್ರ ಹೊಳಿ ಹೋಗಿ ಸಮುದ್ರಕ್ಕ ಕೂಡೂ ಜಾಗಾ, ಅರ್ಧಾ ಹೊಳಿ, ಅರ್ಧಾ ಸಮುದ್ರ. ದಸರಾ ಆತಂದ್ರ ಚಕ್ಕಡಿ ತುಂಬ ಉಪ್ಪು ಹೇರಿಕೊಂಡು, ಆಂಬೋಲಿ ಘಟ್ಟಾ ಹತ್ತಿ, ಸಂಕೇಶ್ವರ, ಹುಕ್ಕೇರಿ, ಗೋಕಾಕ ದಾಟಿ ನಮ್ಮೂರಿಗೆ ಬರಾಂವ. ಇಲ್ಲೇ, ಈ ಪಡಸಾಲ್ಯಾಗ, ಈಗ ಮಾಸ್ತರ ಕುಂತಾರಲ್ಲ, ಅದ ಜಾಗಾದಾಗ ಮಲಗಾಂವ…”

ಮಾಸ್ತರರು ಒಂದು ಗೇಣು ಸರಿದು ಕುಳಿತರು.

“ಉದ್ದನ್ನ ಆಳು, ಒಣಾ ಕೆಮ್ಮು. ಅವನ ಹಂತೇಕ ಒಂದು ತೆಂಗಿನ ಚಿಪ್ಪು ಇತ್ತು. ಅದರಾಗ ಉಪ್ಪು ಅಳಿತಿದ್ದ, ಅದರಾಗ ನೀರು ಕುಡಿತಿದ್ದ, ಮಲಗುವಾಗ ಅದನ್ನ ತಲಿಬುಡಕ ಇಟ್ಕೊಂತಿದ್ದ. ಉಂಡು ಅಡ್ಡಾದಾಂದ್ರ ಸಮುದ್ರದ ಮಾತು. ಏನ್ ಡೌಲು ಅವಂದು, ಸಮುದ್ರದ ಮಾಲಕ ಅವನ ಇದ್ದಂಗ! ‘ಉದ್ದಪ್ಪಾ, ನಿಮ್ಮೂರಾಗ ಸೂರ್ಯ ಜ್ವಾಳದ ಹೊಲದಾಗ ಮುಳುಗತಾನ, ಅದೂ ಒಂದು ಮುಳಗೂದೇನೋ? ನಮ್ಮೂರಾಗ ಸಮುದ್ರದಾಗ ಮುಳುಗತಾನ. ಕಾದ ಹಂಚಿನ ಮ್ಯಾಲ ನೀರು ಚಿಮುಕಿಸಿದಂಗ ಚೊಂಯ್ ಅಂತ ಸಪ್ಪಳಾಗತೈತಿ’ ಅಂತಿದ್ದ. ನಾವೆಲ್ಲಾ ಬಾಯಿ ತಕ್ಕೊಂಡು ಕೇಳತಿದ್ವಿ. ಸುಳ್ಳು ಅನ್ನಾಕ ನಾಗನೂರಾಗ ಸಮುದ್ರ ನೋಡಿದಾಂವ ಯಾರಿದ್ರು?

“ಮುಂದ ದೊಡ್ಡ ಜ್ವರದ ವರ್ಷ ಬಂತು… ಮನಿಗೊಂದು ಹೆಣಾ ಬಿದ್ದ ವರ್ಷ. ಸಾವಳಾರಾಮ ಚಕ್ಕಡಿ ಬಿಟ್ಟಾಂವನ ನಮ್ಮ ಬಾವಿಕಟ್ಟಿಮ್ಯಾಲ ಕುಂತು ನೀರು ಕೇಳಿದ. ಇಕಿ ಸೇದಿ ಕೊಟ್ಟಳು. ಚಿಪ್ಪಿನಾಗ ಕುಡದ, ಅಲ್ಲೇ ಹೊರಳಿದ. ಮೂರನೇ ದಿನ ನನ್ನ ಕೈ ಹಿಡದು, ‘ಉದ್ದಪ್ಪಾ, ನನ್ನ ಸುಟ್ಟು ಬೂದಿ ಹೊಳಿಗೆ ಬಿಡು. ನೀರು ನನ್ನ ಊರಿಗೆ ಒಯ್ಯತೈತಿ’ ಅಂದ. ಆತಪಾ ಅಂದ್ನಿ. ಸಾಯಾಂವಗ ಇಲ್ಲಾ ಅನ್ನಾಕ ಬರತೈತೇನ್ರಿ?

“ಆದರ ನಾವು ಲಿಂಗಾ ಕಟ್ಟಿದವರು, ಹೂಳೋ ಮಂದಿ. ಹೆಣಾ ಸುಡೂದು ನಮಗೇನು ಗೊತ್ತು? ನಮಗಿದ್ದ ಅನುಭವ ಒಂದ, ಹೋಳಿ ಹುಣ್ಣಿವಿಗೆ ಕಾಮಣ್ಣನ್ನ ಸುಡೂದು. ಅದರಾಂಗ ಕುಳ್ಳು, ಕಟ್ಟಿಗಿ ಒಟ್ಟಿ ಬೆಂಕಿ ಹಚ್ಚಿದ್ವಿ. ಉರಿ ಏರಿತು. ಏರೂದರಾಗ ಯಾವನೋ ಒಬ್ಬಾಂವ ಇದು ಹೋಳಿ ಅಲ್ಲ ಅನ್ನೂದು ಮರತು ಲಬೋ ಲಬೋ ಅಂತ ಬಾಯಿ ಬಡಕೊಂಡ…”

“ಅಂವ ನಮ್ಮಪ್ಪ,” ಎಂದ ಬೀರಸಿದ್ದಪ್ಪ ಕಂಬಳಿಯೊಳಗಿನಿಂದ.

“ಹೆಸರು ಹೇಳಬಾರದಂತ ಮಾಡಿದ್ನಿ, ನೀನ ಹೇಳಿದಿ. ಇರಲಿ. ಬೂದಿ ಒಯ್ದು ಘಟಪ್ರಭಾ ಹೊಳ್ಯಾಗ ಬಿಟ್ಟು, ಕೈ ಮುಗದು ಬಂದ್ವಿ. ಎತ್ತು, ಚಕ್ಕಡಿ ಇನ್ನೊಬ್ಬ ಉಪ್ಪಿನಾಂವನ ಕೂಡ ಅವನ ಮನಿಗೆ ಕಳಿಸಿದ್ವಿ. ಚಿಪ್ಪು ಮಾತ್ರ ಗೂಡಿನಾಗ ಉಳೀತು. ಎಲ್ಲಾ ಸರಿ ಮಾಡಿದ್ವಿ ಅಂತ ತಿಳದಿದ್ವಿ. ಎಲ್ಲಿ ತಪ್ಪಾತು? ಹೇಳ್ರಿ ಸಾಹೇಬ್ರ, ನೀವು ಓದಿದವರು.”

“ಘಟಪ್ರಭೆ ಪೂರ್ವಕ್ಕೆ ಹರಿಯುತ್ತದೆ,” ಎಂದೆ.

“ಹಾಂ! ಹುಟ್ಟಿದಾಗಿಂದ ನೋಡೇನ್ರಿ. ಮುಂಜಾನೆ ಈಸಾಕ ಹೋದ್ರ ನೀರು ಸೂರ್ಯಾ ಹುಟ್ಟೂ ಕಡೆನ ಹೊಂಟಿರತೈತಿ. ಕೊಂಕಣ ಸೂರ್ಯಾ ಮುಳಗೂ ಕಡೆ. ಎರಡೂ ಗೊತ್ತಿತ್ತು, ಒಂದಕ್ಕೊಂದು ಹಚ್ಚಿ ನೋಡಲಿಲ್ಲ. ಅವನ ಸೀಮ್ಯಾಗ ಯಾವ ಹಳ್ಳದಾಗ ಬಿಟ್ರೂ ಎರಡು ದಿನದಾಗ ಸಮುದ್ರ ಮುಟ್ಟತೈತಿ, ಅದಕ್ಕ ಅಂವ ಹಂಗ ಹೇಳಿದ. ನಾವು ಅವನ ಮಾತು ಕೇಳಿ, ಪಡುವಣದಾಂವನ್ನ ಮೂಡಣದ ಗಾಡಿ ಹತ್ತಿಸಿಬಿಟ್ವಿ!

“ವರ್ಷಾ ಮ್ಯಾಲ ನಾಕು ತಿಂಗಳಾತು. ಒಂದಿನ ಸಾರಿನಾಗ ಉಪ್ಪು ಹೆಚ್ಚಾಗೇತಿ ಅಂದ್ನಿ. ಮರುದಿನಾನೂ ಅಂದ್ನಿ. ‘ನಿಮ್ಮವ್ವ ಸತ್ತಮ್ಯಾಲ ನಿಮ್ಮ ನಾಲಿಗಿ ನನ್ನ ಮ್ಯಾಲ ಬಿದ್ದೈತಿ’ ಅಂದ್ಲು. ಎಂಟು ದಿನ ಇದ ಜಗಳಾ. ಒಂಬತ್ತನೇ ದಿನ ಸಿಟ್ಟಿಗೆದ್ದು ಉಪ್ಪನ್ನ ಹಾಕಲಿಲ್ಲ…”

“ಸಿಟ್ಟಿಗಲ್ಲ,” ಎಂದು ಸೀತವ್ವ ಬಾಗಿಲಿಗೆ ಬಂದು ನಿಂತರು. “ಪರೀಕ್ಷಾ ಮಾಡಿದ್ನಿ. ಇವರ ನಾಲಿಗಿ ಸುಳ್ಳೋ, ನನ್ನ ಕೈ ಸುಳ್ಳೋ ಅಂತ.”

ರಸಾಯನಶಾಸ್ತ್ರದಲ್ಲಿ ನಾವು ಮಾಡುವುದೂ ಅದನ್ನೇ ಎಂದು ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ.

“ಆತವಾ, ಪರೀಕ್ಷಾ. ಉಪ್ಪು ಹಾಕಲಾರದ ಸಾರು ಉಪ್ಪಾಗಿತ್ತು! ಹಂಗಾರ ತಪ್ಪು ಯಾರದು? ನೀರಿಂದು. ಓಣಿ ಹೆಂಗಸರು ಏನು ಮಾಡಿದ್ರು ಗೊತ್ತೇನ್ರಿ? ಅಯ್ಯ ಪಾಪ ಅಂದು, ಸಾರಿಗೆ ಬೇಕು ಅಂತ ಒಂದೊಂದು ಚರಿಗಿ ಒಯ್ಯಾಕ ಶುರು ಮಾಡಿದ್ರು. ಆದ್ರ ದನಾ ಕುಡೀಲಿಲ್ಲ, ತುಳಸಿ ಒಣಗಿತು. ಒಂದಿನ ನಡುಮಧ್ಯಾಹ್ನ ಇಕಿ ಕೊಡಾ ಇಳಿಬಿಟ್ಲು… ಕೆಳಗಿಂದ, ಇಪ್ಪತ್ತನಾಕು ಅಡಿ ಕೆಳಗಿಂದ… ಒಂದು ಒಣಾ ಕೆಮ್ಮು ಬಂತು.

“ಕೊಡಾನೂ ಹೋತು, ಹಗ್ಗಾನೂ ಹೋತು, ಇಕೀನೂ ಹೋದ್ಲು, ತವರಮನಿ ಮೂಡಲಗಿಗೆ. ಹೋಗುವಾಗ ಹೇಳಿದ್ದು ಒಂದ ಮಾತು: ‘ನೀರು ಸಿಹಿ ಆದ ದಿನ ಕರೀರಿ.’ ಸಿಹಿ ಆಗದಿದ್ರ? ಅದನ್ನ ಕೇಳೂದರಾಗ ಚೀಲಾ ಎತ್ಕೊಂಡು ಹೊಂಟಿದ್ಲು. ನಾನು ಒಬ್ಬನ ಈ ಮನ್ಯಾಗ, ರೊಟ್ಟಿ ಬಡೀಲಾರದ ಗಂಡಸು, ಕುಡಿಯಾಕ ಬರಲಾರದ ನೀರು… ಏನು ಮಾಡಬೇಕ್ರಿ? ಹದಿನೈದನೇ ದಿನಕ್ಕ ಧೈರ್ಯಾ ಮಾಡಿ ಬಾವಿಕಟ್ಟಿಮ್ಯಾಲ ಕುಂತು, ಯಾರೋ ಅದು, ಅಂದ್ನಿ.

“‘ನಾನೋ, ಸಾವಳಾರಾಮ’ ಅಂತ ಬಂತು. ‘ನಿನಗ ಬುದ್ಧಿ ಐತೇನೋ ಉದ್ದಪ್ಪಾ? ಎಂಥಾ ಹೊಳಿಗೆ ಬಿಟ್ಟಿ ನನ್ನ? ಕೃಷ್ಣಾ ಕೂಡಿದ್ನಿ, ತಿಂಗಳಾನುಗಟ್ಟಲೆ ಹೋದ್ನಿ, ಮಚಲೀಬಂದರದ ಸಮುದ್ರಕ್ಕ ಒಯ್ದು ಒಗೀತು ನನ್ನ! ಅಲ್ಲಿ ಮಂದಿ ಮಾತು ತಿಳಿಯೂದಿಲ್ಲ. ಅದೂ ಹೋಗಲಿ. ಅಲ್ಲಿ ಸೂರ್ಯಾ ಸಮುದ್ರದಾಗಿಂದ ಎದ್ದು ಬರತಾನೋ, ಎದ್ದು! ಸಂಜಿಮುಂದ ಊರಾಗ ಮುಳುಗತಾನ. ಅದು ಉಲ್ಟಾ ಸಮುದ್ರ. ಅಲ್ಲಿ ನಾ ಹೆಂಗಿರಲಿ?’ ಅಂತ ಅಳಾಕ ಹತ್ತಿದ. ದೆವ್ವ ಅತ್ರ ಬಾವ್ಯಾಗ ನೀರು ಏರತೈತಿ, ನಿಮಗ ಗೊತ್ತಿರಲಿ ಸಾಹೇಬ್ರ.”

ನಾನು ನೋಟ್‌ಬುಕ್ ಇದ್ದ ಜೇಬನ್ನು ಮುಟ್ಟಿ ನೋಡಿಕೊಂಡೆ.

“ಹೊಳಿ ಹಿಡದ ತಿರಗಿ ಬಂದಿದ್ದ. ಗೋಕಾಕ ಫಾಲ್ಸು ಹತ್ತಿ ಬಂದ್ನಿ ಅಂದ! ಬದುಕಿದಾಂವ ಆಗಿದ್ರ ಸಾಯತಿದ್ದ. ಮ್ಯಾಲ ಧೂಪದಾಳದಾಗ ಕಾಲುವಿ ಹಿಡದು, ಕಾಲುವಿಯಿಂದ ನೆಲದಾಗ ಬಸಿದು, ಕಡೀ ಸಲ ನೀರು ಕುಡದ ಬಾವಿಗೆ ಬಂದು ಕುಂತಿದ್ದ. ಮುಂದ ಹೋಗಾಕ ಆಗೂದಿಲ್ಲ. ನೀರಿಗೆ ಬಿಟ್ಟ ಹೆಣದ ಕಾಲಿಗೆ ನೀರು ಬೇಕು, ಘಟ್ಟದ ಮ್ಯಾಲ ಒಣಾ ಹಾದಿ. ‘ನೀನ ತಪ್ಪಿಸಿದಿ, ನೀನ ಮುಟ್ಟಿಸು’ ಅಂದ. ನ್ಯಾಯಾ ಹೌದಲ್ಲರಿ?

“ತಾಮ್ರದ ತಂಬಿಗಿ ಇಳಿಬಿಟ್ಟು, ಬಾ ಒಳಗ ಅಂದ್ನಿ. ಒಂದು ತಂಬಿಗಿ ನೀರು ರೀ, ಎತ್ತೂದರಾಗ ನನ್ನ ರಟ್ಟಿ ಬಿದ್ದು ಹೋದ್ವು. ಬಾಯಿಗೆ ಮೇಣದ ಬಟ್ಟಿ ಬಿಗದ್ನಿ. ಬಾವಿ ನೀರು ಇನ್ನೂ ಉಪ್ಪ ಇತ್ತು. ಮನಶ್ಯಾ ಎದ್ದು ಹೋದ್ರೂ ಹಾಸಿಗಿ ಸ್ವಲ್ಪ ಹೊತ್ತು ಬೆಚ್ಚಗಿರತೈತಿ, ಹಂಗ. ಅಂವ ಊರು ಮುಟ್ಟಿದ್ರ ತಾನ ಸಿಹಿ ಆಗತೈತಿ ಅಂದ್ಕೊಂಡ್ನಿ. ಚಕ್ಕಡಿ ಹೂಡಿದ್ನಿ. ಎತ್ತು ತಂಬಿಗಿ ಮೂಸಿ ನೋಡಿದ್ವು, ಅಲ್ಲೇ ಕುಂತುಬಿಟ್ವು. ಬಾಲಾ ತಿರುವಿದ್ರೂ ಏಳವೊಲ್ವು. ಆವಾಗ ನನಗ ಹೊಳೀತು, ಸೈಕಲ್ಲು! ಗೋಕಾಕ ಗಿರಣಿ ಸಾಹೇಬ ವಿಲಾಯತಿಗೆ ಹೋಗುವಾಗ ಬಿಟ್ಟ ಸೈಕಲ್ಲು ನಮ್ಮ ಸ್ವಾದರಮಾವನ ಮನ್ಯಾಗ ಇತ್ತು, ಇಸಕೊಂಡು ಬಂದ್ನಿ. ಸೈಕಲ್ಲಿಗೆ ಮೂಗಿಲ್ಲ. ಏನ್ ಮೂಸತೈತಿ?

“ತಂಬಿಗಿ ಹಿಂದ ಕಟ್ಟಿ, ಅವನ ಚಿಪ್ಪು ಕಿಸೇದಾಗ ಇಟ್ಕೊಂಡು ಹೊಂಟ್ನಿ. ಊರು ದಾಟಿ ಜೋರು ಪೆಡ್ಲ ಹೊಡದ್ನಿ, ಚೈನು ಕಳಚಿತು. ಹಾಕಿದ್ನಿ. ಮತ್ತ ಜೋರು ಹೊಡದ್ನಿ, ಮತ್ತ ಕಳಚಿತು. ಹಿಂದಿಂದ ಕೆಮ್ಮು: ‘ಏನೋ ಇದು? ಎತ್ತಿಗೆ ದಣಿವಾಗೂದಿಲ್ಲೇನು?’ ಹುಟ್ಟಿದಾಗಿಂದ ಎತ್ತಿನ ನಡಿಗ್ಯಾಗ ಹೋದ ಮನಶ್ಯಾ, ಅದಕ್ಕಿಂತ ಜೋರಾತಂದ್ರ ಅವಂಗ ತಲಿ ತಿರಗತೈತಿ! ಮಾಸ್ತರ ಹೇಳತಾರ, ಚೈನು ಸವದಿತ್ತು ಅಂತ…”

“ಸವದಿರಬೇಕ್ರಿ,” ಎಂದರು ಮಾಸ್ತರರು, ಅಷ್ಟೇನೂ ಜೋರಾಗಿ ಅಲ್ಲ.

“ಇರಬಹುದ್ರಿ. ಆದ್ರ ಸವದ ಚೈನು ನಿಧಾನ ಹೋದ್ರೂ ಕಳಚಬೇಕಲ್ಲ? ಎತ್ತಿನ ನಡಿಗ್ಯಾಗ ಸೈಕಲ್ ಹೊಡದು ನೋಡೀರೇನು ಯಾರಾದ್ರೂ? ಜೋರು ಹೊಡಿಯಾಕ ಕಾಲು ಸಾಕು, ನಿಧಾನ ಹೊಡಿಯಾಕ ತಪಸ್ಸು ಬೇಕು. ಗೋಕಾಕ ಮುಟ್ಟೂದರಾಗ ಹನ್ನೊಂದು ಸಲ ಬಿದ್ನಿ. ಹುಕ್ಕೇರಿ ಹಾದ್ಯಾಗ ಎಮ್ಮಿ ನನ್ನ ದಾಟಿಕೊಂಡು ಹೋದ್ವು, ಒಂದು ಮುದುಕಿ ತಲಿಮ್ಯಾಲ ಹುಲ್ಲಿನ ಹೊರಿ ಹೊತ್ತು ದಾಟಿಕೊಂಡು ಹೋಗಿ, ‘ಕೆಟ್ಟೈತೇನೋ ತಮ್ಮಾ?’ ಅಂತ ಕೇಳಿತು. ಸಾವಳಾರಾಮ ಚಕ್ಕಡಿ ಬಿಡತಿದ್ದ ಜಾಗಾ ಬಂದ್ರ ನಿಲ್ಲಬೇಕು. ಈ ಹುಣಸೀಗಿಡದ ನೆಳ್ಳಾಗ ಒಂದು ತಾಸು, ಆ ಕಟ್ಟಿಮ್ಯಾಲ ಎರಡು ತಾಸು. ಆರನೇ ದಿನದಾಗ ನನಗೂ ಅದು ರುಚಿ ಹತ್ತಿತು ನೋಡ್ರಿ… ಸಂಕೇಶ್ವರದಿಂದ, ನಮ್ಮ ಘಟಪ್ರಭಾಕ್ಕ ಕೂಡೂ ಹಿರಣ್ಯಕೇಶಿ ದಂಡಿ ಹಿಡದು ಏರೂದು, ಕಬ್ಬಿನ ಗಾಣದಾಗ ಒಂದು ಲೋಟಾ ಹಾಲು, ಹೊಳಿ ಸಣ್ಣಾಗಿ, ಹಳ್ಳಾಗಿ, ಕಡೀಗೆ ಆಂಬೋಲ್ಯಾಗ ಒಂದು ಗವಿಯೊಳಗಿಂದ ಕೈಬೆರಳಿನಷ್ಟು ಬರತಿತ್ತು. ಅಲ್ಲಿ ಮಂದಿ ಒಂದು ಮನಿ ತೋರಿಸಿದ್ರು. ಛಾವಣಿ ಈ ಕಡೆ ಬಿದ್ದ ಮಳಿ ನಮ್ಮ ಘಟಪ್ರಭಾಕ್ಕ, ಆ ಕಡೆ ಬಿದ್ದದ್ದು ಸಾವಳಾರಾಮನ ಖಾಡಿಗೆ. ಒಂದ ಮನಿ, ಒಂದ ಮಳಿ, ಒಂದು ಗೇಣಿನಾಗ ಎರಡು ಸಮುದ್ರ!

“ಘಟ್ಟಾ ಇಳದು ಬಂದ್ರ ಸಂಸ್ಥಾನದ ಸುಂಕದ ನಾಕಾ. ಸಿಪಾಯಿ, ತಂಬಿಗ್ಯಾಗ ಏನು, ಸೆರೇನೇನು ಅಂತ ಬಟ್ಟಿ ಬಿಚ್ಚಿ ಬೆರಳು ಎದ್ದಿ ನೆಕ್ಕಿದ. ಮಾರಿ ಸೊಟ್ಟ ಮಾಡಿ, ‘ಉಪ್ಪು ಕದ್ದು ಮ್ಯಾಲ ಒಯ್ಯಾವರನ್ನ ಹಿಡದೇನಿ. ಉಪ್ಪನೀರು ಹೊತ್ಕೊಂಡು ಸಮುದ್ರಕ್ಕ ಹೊಂಟಾಂವನ್ನ ಇವತ್ತ ನೋಡಿದ್ನಿ. ಇದಕ್ಕ ಯಾವ ಕಲಮು ಹಾಕಲೋ?’ ಅಂದ. ಹಿಂದಿಂದ ಕೆಮ್ಮು ಬಂತು. ಸಿಪಾಯಿ ನನ್ನ ಬಾಯಿ ನೋಡಿದ. ನನ್ನ ಬಾಯಿ ಮುಚ್ಚಿತ್ತು. ‘ಹೋಗೋ, ಬ್ಯಾಗ ಹೋಗೋ’ ಅಂದ. ಬ್ಯಾಗ ಹೋಗಾಕ ಎಲ್ಲಿ ಬರತೈತ್ರಿ ನನಗ?

“ಬಾಂದಾ ಅನ್ನೂ ಊರಿಂದ ಮುಂದ ಖಾಡಿ ದಂಡಿ. ತೆಂಗಿನ ಗಿಡದ ನಡುವ ಕೆಂಪು ಹಾದಿ, ಬಾಜೂಕ ಹೊಳಿ ಅಗಲಾಕ್ಕೋಂತ, ಅಗಲಾಕ್ಕೋಂತ ಹೊಂಟಿತ್ತು. ಶಿವರಾತ್ರಿ ಅಮಾಸಿ ದಿನ, ಮುಂಜಾನೆ ಒಂಬತ್ತಕ್ಕ ಆರೋಂದಾ ಮುಟ್ಟಿದ್ನಿ. ನನಗ ತಡಿಯೂದು ಆಗಲಿಲ್ಲ. ಮನಿ, ನೀರು, ಇಕಿ… ಇಷ್ಟ ಮನಸ್ಸಿನಾಗ. ‘ಸಾವಳಾರಾಮಾ, ಬಂತಪಾ ನಿನ್ನ ಊರು’ ಅಂದು ತಂಬಿಗಿ ಬೋರಲು ಹಾಕಿ, ಚಿಪ್ಪು ನೀರಿಗೆ ಬಿಟ್ಟು ಕೈ ಮುಗದ್ನಿ. ಕಣ್ಣು ತಗದು ನೋಡತೇನಿ… ಚಿಪ್ಪು ಸಮುದ್ರದ ಕಡೆ ಹೊಂಟಿಲ್ಲ! ಘಟ್ಟದ ಕಡೆ ಹೊಂಟೈತಿ! ಹೊಳಿ ಉಲ್ಟಾ ಹರ್ಯಾಕತ್ತೈತಿ!

“ನನ್ನ ಎದಿ ಒಡೀತು. ಬಾವ್ಯಾಗಿನ ದೆವ್ವಕ್ಕ ಅಷ್ಟು ಹೆದರಿರಲಿಲ್ಲ ನೋಡ್ರಿ, ತಿರಗಿ ಹರಿಯೂ ಹೊಳಿಗೆ ಹೆದರಿದ್ನಿ. ಅದಂದ್ರ ಅಂವ ಮತ್ತ ನಮ್ಮೂರಿಗೆ ಹೊಂಟಾನ! ಸೈಕಲ್ ಹತ್ತಿದ್ನಿ, ಬಂದ ಹಾದಿ ಹಿಡದು ಚಿಪ್ಪಿನ ಬೆನ್ನ ಹತ್ತಿದ್ನಿ. ಒಂಬತ್ತು ದಿನದಾಗ ಮೊದಲನೇ ಸಲ ಚೈನು ಕಳಚಲಾರದಂಗ ಜೋರು ಹೊಡದೇನ್ರಿ, ‘ಏ ಸಾವಳಾರಾಮಾ, ಆ ಕಡೆ ಅಲ್ಲೋ! ನಿನ್ನ ಊರು ಹಿಂದ ಉಳೀತೋ!’ ಅಂತ ಒದರಿಕೋಂತ. ಬಟ್ಟಿ ಒಗಿಯೂ ಹೆಂಗಸರು ಎದ್ದು ನಿಂತರು. ಹೊಳ್ಯಾಗಿಂದ ಅಂವ ಏನೋ ಒದರಾಕತ್ತಿದ್ದ, ನನಗ ಕೇಳಲಿಲ್ಲ…

“ಎರಡು ಹರದಾರಿ ಮ್ಯಾಲ ಒಬ್ಬ ದೋಣಿಯಾಂವ ನನ್ನ ಹ್ಯಾಂಡಲ್ಲಿಗೆ ಅಡ್ಡ ನಿಂತ. ‘ಘಟ್ಟದ ಮ್ಯಾಲಿನಾಂವ ಏನೋ?’ ಅಂದ. ಹೌದು ಅಂದ್ನಿ. ಹೊಟ್ಟಿ ಹಿಡಕೊಂಡು ನಕ್ಕ. ‘ಇದು ಭರತಿ ಮಾರಾಯಾ. ಸಮುದ್ರ ಆರು ತಾಸು ಒಳಗ ಬರತೈತಿ, ಆರು ತಾಸು ಹೊರಗ ಹೋಗತೈತಿ. ದಿನಕ್ಕ ಎರಡು ಸಲ. ಅಮಾಸಿ, ಹುಣ್ಣಿವಿಗೆ ದೊಡ್ಡ ಭರತಿ. ಕುಂತ್ಕೋ’ ಅಂದ. ಹೊಳಿ ಅಂದ್ರ ಒಂದ ಕಡೆ ಹೋಗೂದು ಅಂತ ತಿಳದ ನಾಗನೂರಿನಾಂವಗ ಇದು ಹೆಂಗ ಗೊತ್ತಾಗಬೇಕ್ರಿ? ಮೊದಲನೇ ಸಲ ಹೊಳಿ ತಪ್ಪಿತು, ಎರಡನೇ ಸಲ ಹೊತ್ತು ತಪ್ಪಿತು.

“ಕುಂತ್ನಿ. ಮಧ್ಯಾಹ್ನಕ್ಕ ಹೊಳಿ ಅಲ್ಲಾಡಲಾರದಂಗ ನಿಂತುಬಿಟ್ಟಿತು, ಚಿಪ್ಪು ನಡುವ ನಿಂತಿತ್ತು… ಆಮ್ಯಾಲ, ಎತ್ತು ಹೊರಳಿದಂಗ, ನಿಧಾನ ಹೊರಳಿತು. ಚಿಪ್ಪು ಕೆಳಗ ಹೊಂಟಿತು. ನಾನೂ ಬಾಜೂಕ ಹೊಂಟ್ನಿ. ಅದು ನಿಂತಲ್ಲಿ ನಾ ನಿಂತ್ನಿ, ಅದು ಹೊಂಟ್ರ ನಾ ಹೊಂಟ್ನಿ. ಎತ್ತಿನ ನಡಿಗ್ಯಾಗ ಹೊಡಿಯಾಕ ಕಲಿಸಿದ್ದು ಇದಕ್ಕ ಏನೋ ಅಂತ ಅನ್ನಿಸಿತು. ಒಂದ ಸಲಾನೂ ಬೀಳಲಿಲ್ಲ ನಾ ಆ ದಿನ. ಸಂಜಿಮುಂದ ಹಾದಿ ಮುಗದು ಉಸುಕು ಬಂತು, ಉಸುಕು ಮುಗದು ಸಮುದ್ರ ಬಂತು. ಏನ್ ಹೇಳಲಿ ಅದನ್ನ… ಅಂವ ಹೇಳಿದ್ದು ಕಮ್ಮಿನ ಇತ್ತು. ಚಿಪ್ಪು ಸಣ್ಣದಾಗಿ, ಕರೇ ಚುಕ್ಕಿಯಾಗಿ, ಸೂರ್ಯನ ಕೆಳಗ ಹೋತು. ಸೂರ್ಯಾ ಇಳದ, ಇಳದ, ನೀರು ಮುಟ್ಟಿದ…”

ಉದ್ದಪ್ಪನವರು ನಿಲ್ಲಿಸಿದರು. ಹೊರಗೆ ಹಂಚಿನ ಮೇಲೆ ಮಳೆ ತೆಳ್ಳಗಾಗಿತ್ತು.

“ಸಪ್ಪಳ ಆತೇನ್ರಿ?” ಎಂದರು ಮಾಸ್ತರರು. ಕೇಳಿದವರು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ವಿಜ್ಞಾನ ಪಾಠ ಮಾಡಿದವರು.

“ಚೊಂಯ್ ಅಂತು,” ಎಂದರು ಉದ್ದಪ್ಪನವರು.

ಯಾರೂ ನಗಲಿಲ್ಲ.

“ಮೂರು ದಿನದಾಗ ಊರಿಗೆ ಬಂದ್ನಿ, ಚೈನು ಒಮ್ಮೆನೂ ಕಳಚಲಿಲ್ಲ. ಬಂದಾಂವನ ಸೇದಿ ಕುಡದ್ನಿ. ಕಲ್ಲಸಕ್ಕರಿ! ಮೂಡಲಗಿಗೆ ಹೇಳಿ ಕಳಿಸಿದ್ನಿ. ಇಕಿ ಬಂದ್ಲು, ಚೀಲಾ ಕೆಳಗ ಇಡಲಿಲ್ಲ, ನೀರು ಕುಡದ್ಲು, ಆಮ್ಯಾಲ ಇಟ್ಟಳು.”

“ಅಷ್ಟ ಹೇಳಿ ಮುಗಸಬ್ಯಾಡ್ರಿ,” ಎಂದರು ಸೀತವ್ವ. “ಹುಣ್ಣಿವೀದು ಹೇಳ್ರಿ.”

“ಹೇಳತೇನವಾ… ಹುಣ್ಣಿವಿ ದಿನ ಮಧ್ಯಾಹ್ನ ಇಕಿ ಕೊಡಾ ಇಳಿಬಿಟ್ಲು. ನೀರು ನಾಕು ಬೆರಳು ಮ್ಯಾಲ ಬಂದಿತ್ತು, ಉಪ್ಪಾಗಿತ್ತು. ನೀರಿನ ಮ್ಯಾಲ ತೆಂಗಿನ ಚಿಪ್ಪು ತೇಲತಿತ್ತು. ಕೆಳಗಿಂದ ಕೆಮ್ಮು, ಸಣ್ಣಂಗ, ಮರ್ಯಾದೀಲೆ, ಬಾಗಿಲದಾಗ ನಿಂತ ಬೀಗರು ಕೆಮ್ಮಿದಂಗ. ಸಂಜಿಗೆ ನೋಡಿದ್ರ ನೀರು ಇಳದಿತ್ತು, ಚಿಪ್ಪು ಇರಲಿಲ್ಲ, ಸಿಹಿ ಆಗಿತ್ತು. ನನಗ ತಿಳೀತು. ಭರತ್ಯಾಗ ಚೆಲ್ಲಿದ್ನಲ್ಲರಿ ನಾ? ಮೊದಲ ಒಳಗ ಬರೂ ಹಾದಿ ಕಲತ, ಆಮ್ಯಾಲ ಹೊರಗ ಹೋಗೂ ಹಾದಿ ಕಲತ. ಅಂವಗ ಎರಡೂ ಬರತಾವ ಈಗ. ಅಮಾಸಿಗೆ, ಹುಣ್ಣಿವಿಗೆ ದೊಡ್ಡ ಭರತಿ ಕೂಡ ಬರತಾನ, ನೀರು ಇಳದ್ರ ಹೋಗತಾನ.”

“ನಾ ಚೀಲಾ ಕಟ್ಟಿದ್ನಿ,” ಎಂದರು ಸೀತವ್ವ. “ಹೊಸ್ತಿಲಾ ದಾಟೂವಾಗ ವಿಚಾರ ಮಾಡಿದ್ನಿ. ಹದಿನೈದು ದಿನಕ್ಕೊಮ್ಮೆ ಬಂದು, ನೀರು ಕುಡದು, ಸುಮ್ನ ಹೋಗತಾನ. ಬಂದು ಹೋಗಾಂವ ನೆಂಟ, ಬಂದು ಕುಂತಾಂವ ದೆವ್ವ. ಇಂವ ಈಗ ನೆಂಟ. ಚೀಲಾ ಬಿಚ್ಚಿದ್ನಿ.”

ಚಂದ್ರನ ಸೆಳೆತಕ್ಕೆ ಒಳನಾಡಿನ ಬಾವಿಗಳೂ ಕೂದಲೆಳೆಯಷ್ಟು ಏರಿಳಿಯುವುದುಂಟು, ಆದರೆ ನಾಲ್ಕು ಬೆರಳು ಸಾಧ್ಯವಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಉದ್ದಪ್ಪನವರೇ ಕೇಳಿದರು:

“ಸಾಹೇಬ್ರ, ಮುಂಜಾನೆ ನಮ್ಮ ಬಾವಿ ಎಷ್ಟಕ್ಕ ನೋಡಿದ್ರಿ?”

“ಆರೂವರೆಗೆ.”

“ಆ ಹೊತ್ತಿನಾಗ ಅಂವ ತನ್ನ ಊರಾಗ ಇರತಾನ್ರಿ. ಮಧ್ಯಾಹ್ನ ಇನ್ನೊಮ್ಮೆ ನೋಡಿದ್ರೆಲ್ಲ, ಆವಾಗ ಎಷ್ಟಿತ್ತು?”

ಎರಡನೆಯ ಅಳತೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಬಾವಿಯ ಬಳಿ ಯಾರೂ ಇರಲಿಲ್ಲ. ಅಂದರೆ, ಬಾವಿಯ ಮೇಲೆ ಯಾರೂ ಇರಲಿಲ್ಲ.

ಸೀತವ್ವನವರು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೊರಟವರು ನನ್ನ ಕಡೆ ತಿರುಗಿದರು. “ಉಪ್ಪು ಸರಿ ಐತಿ ಅಂದ್ರೆಲ್ರಿ ಆವಾಗ… ಅಡಿಗಿಗೆ ಮಧ್ಯಾಹ್ನ ಸೇದಿದ ನೀರು. ಅಮಾಸಿ ದಿನ ನಾ ಸಾರಿಗೆ ಉಪ್ಪು ಹಾಕೂದಿಲ್ರಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ, ದಿನದ ಎರಡನೆಯ ಭರತಿಯ ಹೊತ್ತು. ಹೊರಗೆ ಮಳೆ ನಿಂತಿತ್ತು. ಆದರೂ ಹಿತ್ತಲ ಕಡೆಯಿಂದ ನೀರಿನ ಸಣ್ಣ ಸದ್ದು ಬರುತ್ತಿತ್ತು. ಉದ್ದಪ್ಪನವರು ಕಂದೀಲಿನ ಬತ್ತಿ ಇಳಿಸಿ ಕಂಬಳಿ ಎಳೆದುಕೊಂಡರು.

“ಮಾಸ್ತರ, ಇನ್ನೊಂದು ನಾಕು ಗೇಣು ಈ ಕಡೆ ಸರದು ಮಲಗ್ರಿ. ಅಂವ ಉದ್ದನ್ನ ಆಳು.”